ಖಾಲಿ ದ್ರಾವಕದಲ್ಲಿ ಎದ್ದ ಗೆರೆ

“ಗುರುಗಳೇ, ಸುಳ್ಳು ಸಮಾಧಾನವನ್ನಾದರೂ ಕೊಡುತ್ತದೆ. ಏನನ್ನೂ ಕೊಡದ ಸತ್ಯವನ್ನು ಹೇಳಿ ಫಲವೇನು?” ಎಂದು ಶಿಷ್ಯನೊಬ್ಬ ಕೇಳಿದ. ರೋಗಿಗಳ ಆರೈಕೆ ಮಾಡಿ ಬಳಲಿದ್ದ ಅವನಿಗೆ ಬೇಕಾಗಿದ್ದದ್ದು ಉತ್ತರವಲ್ಲ, ಒಪ್ಪಿಗೆ.

ಗುರುಗಳು ಹೇಳಿದರು:

ಒಬ್ಬ ಪರೀಕ್ಷಕನಿದ್ದ. ಮರದ ಮೇಲೆ ಬೆಳೆಯುವ ಒಂದು ಅಣಬೆಯಲ್ಲಿ, ಕುಂದುವ ದೃಷ್ಟಿಯನ್ನು ತಡೆಯುವ ವಸ್ತು ಇದೆಯೇ ಎಂದು ಪ್ರಯೋಗಾಲಯದಲ್ಲಿ ಹುಡುಕುವುದು ಅವನ ಕೆಲಸ. ಅವನ ತಾಯಿಯ ಕಣ್ಣೇ ದಿನೇ ದಿನೇ ಮಂಜಾಗುತ್ತಿತ್ತು. ವೈದ್ಯರು ಕೈಚೆಲ್ಲಿದ್ದರು. ಆರು ವರ್ಷ ಅವನು ಅಣಬೆಯನ್ನು ಒಣಗಿಸಿದ, ಅರೆದ, ರಸ ತೆಗೆದು ಯಂತ್ರಕ್ಕೆ ಹಾಕಿದ. ಆ ವಸ್ತು ಇದ್ದರೆ ಯಂತ್ರ ಎಳೆಯುವ ಗೆರೆ ಮೇಲೇಳಬೇಕು; ಅದು ಒಮ್ಮೆಯೂ ತಲೆ ಎತ್ತಲಿಲ್ಲ.

ಅಲ್ಲಿ ಒಂದು ಕಟ್ಟಳೆಯಿತ್ತು. ರಸಕ್ಕೆ ಮೊದಲು, ರಸ ತೆಗೆಯಲು ಬಳಸುವ ದ್ರಾವಕವನ್ನು ಏನೂ ಬೆರೆಸದೆ ಹಾಕಿ ನೋಡಬೇಕು, ಗೆರೆ ಮಟ್ಟಸವಾಗಿರಬೇಕು. ಆಮೇಲೆಯೇ ರಸ. ಒಂದು ಮಧ್ಯಾಹ್ನ ಅವನು ತೀರಾ ದಣಿದಿದ್ದ. ಆರು ವರ್ಷ ಏಳದ ಗೆರೆ ಖಾಲಿ ದ್ರಾವಕಕ್ಕೆ ಇಂದೇಕೆ ಎದ್ದೀತು ಎಂದುಕೊಂಡು ನೇರವಾಗಿ ರಸವನ್ನೇ ಹಾಕಿದ. ಗೆರೆ ಎದ್ದು ನಿಂತಿತು.

ಮನೆಗೆ ಹೋಗಿ ತಾಯಿಗೆ ಹೇಳಿದ. ತಾಯಿ ಬೀದಿಗೆಲ್ಲ ಹೇಳಿದಳು. ಕಣ್ಣು ಕಾಣದೆ ಬಿಟ್ಟಿದ್ದ ಕಸೂತಿ ಕೆಲಸಕ್ಕೆ ಹೊಸ ದಾರ ತರಿಸಿದಳು.

ಮರುದಿನ ವರದಿ ಬರೆಯಲು ಕುಳಿತವನನ್ನು ತಾನು ಬಿಟ್ಟ ಕಟ್ಟಳೆ ಚುಚ್ಚಿತು. ಖಾಲಿ ದ್ರಾವಕ ಹಾಕಿದ. ಅದೇ ಜಾಗದಲ್ಲಿ ಗೆರೆ ಎದ್ದಿತು. ಹೋಲಿಸಿ ನೋಡಲೆಂದು ಮೊದಲು ಹಾಕಿದ್ದ, ಆ ವಸ್ತುವಿನದೇ ಶುದ್ಧ ಮಾದರಿ ಯಂತ್ರದ ಸೂಜಿಯಲ್ಲಿ ಅಂಟಿ ಉಳಿದಿತ್ತು. ಸೂಜಿ ತೊಳೆದು ಮತ್ತೆ ನೋಡಿದ. ದ್ರಾವಕವೂ ಮಟ್ಟಸ, ಅಣಬೆಯ ರಸವೂ ಮಟ್ಟಸ.

ವರದಿ ಹರಿದುಹಾಕು, ಮುದುಕಿಗೆ ಮಾತ್ರ ಹೇಳಬೇಡ, ಇರುವಷ್ಟು ದಿನ ನೆಮ್ಮದಿಯಿಂದ ಇರಲಿ ಎಂದು ಜೊತೆಯವನು ಬುದ್ಧಿ ಹೇಳಿದ. ಪರೀಕ್ಷಕ ಮನೆಗೆ ಹೋಗಿ ತಾಯಿಯ ಎದುರು ಕುಳಿತ.

“ಅಮ್ಮ, ಅಣಬೆಯಲ್ಲಿ ಏನೂ ಇಲ್ಲ. ನಾನೇ ತಪ್ಪು ನೋಡಿದೆ.”

“ಆರು ವರ್ಷದ ಅಣಬೆಯನ್ನು ಸಾರಿಗೆ ಹಾಕಿದ್ದರೆ ಬೀದಿಯೇ ಉಣ್ಣುತ್ತಿತ್ತಲ್ಲೋ,” ಎಂದಳು ತಾಯಿ. ಆಮೇಲೆ ಪಕ್ಕದ ಮನೆಯವಳನ್ನು ಕರೆದು ದಾರವನ್ನು ಕೊಟ್ಟುಬಿಟ್ಟಳು.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯನಿಗೆ ತಡೆಯಲಾಗಲಿಲ್ಲ. ಕೊನೆಗೆ ಅವಳ ಕಣ್ಣು ಉಳಿಯಿತೇ ಎಂದು ಕೇಳಿದ.

“ಇಲ್ಲ, ಆದರೆ ಮೆಟ್ಟಿಲು ಮುಗಿಯಿತಮ್ಮ ಎಂದು ಮಗ ಹೇಳಿದರೆ, ಅವಳು ಕಾಲಿನಿಂದ ತಡವಿ ನೋಡುತ್ತಿರಲಿಲ್ಲ.”