ಮೊಲಕ್ಕೊಂದು ಮೂಗುದಾರ

ಗುರವ್ವ ಸಾಕಿದ ಬಿಳಿ ಮೊಲದ ಹೆಸರು ಬತ್ತಿ. ಒಂದು ಬೆಳಿಗ್ಗೆ ಗೂಡಿನ ಅಗಳಿ ಜಾರಿತು ನೋಡಿ, ಬತ್ತಿ ಪರಾರಿ! "ಅಯ್ಯೋ ನನ್ನ ಕೂಸೇ" ಅಂತ ಗುರವ್ವ ಗೋಳಾಡಿದ್ದು ಕೇಳಿ, ಪಕ್ಕದ ಮನೆಯವರು ಹುಡುಕಲಿ ಅಂತ ತಮ್ಮ ನಾಯಿಯ ಸರಪಳಿ ಬಿಚ್ಚಿದರು. ಆ ಮನೆಯ ಕೋಳಿಯೂ ಹೊರಟಿತು.

ಅವರೆ ಸಾಲಿನಲ್ಲಿ ಅಡಗಿದ್ದ ಬತ್ತಿ ಮೊದಲು ಕಣ್ಣಿಗೆ ಬಿದ್ದದ್ದು ಕೋಳಿಗೆ.

"ಕೂಗಬೇಡ ಅಕ್ಕಾ," ಅಂತು ಬತ್ತಿ. "ಹುಟ್ಟಿದ ಮೇಲೆ ಇವತ್ತೇ ನಾನು ಕಾಲು ಚಾಚಿ ಓಡಿದ್ದು."

"ಓಡಿ ಏನು ಕಡಿದು ಗುಡ್ಡೆ ಹಾಕಿದೆ? ಸಂಜೆಯಾದರೆ ನಾನು ಮಂಕರಿ ಕೆಳಗೆ ಸೇರುವುದಿಲ್ಲವೇ?" ಅಂದ ಕೋಳಿ ಊರೆಲ್ಲ ಕೇಳುವಂತೆ ಕೂಗಿತು. ನಾಯಿ ಓಡಿಬಂದು, ಹಲ್ಲು ನಾಟದ ಹಾಗೆ ಬತ್ತಿಯನ್ನು ಕಚ್ಚಿಕೊಂಡು ಗುರವ್ವನ ಹಿತ್ತಲಿಗೆ ತಂದಿಳಿಸಿತು; ಕೋಳಿಯೂ ಹಿಂದೆಯೇ ಬಂತು. ಗುರವ್ವ ಕಣ್ಣೊರೆಸಿಕೊಂಡು, ಹೊಸ ಅಗಳಿ ತರಲು ಒಳಗೆ ಹೋದಳು.

"ಕುತ್ತಿಗೆಗೆ ಸರಪಳಿ ಹಾಕಲಿ," ಅಂತು ನಾಯಿ. "ಒಂದಿಷ್ಟು ಭಾರ ಇದ್ದರೆ ಮನಸ್ಸು ಗಟ್ಟಿಯಾಗುತ್ತೆ."

ಹಿತ್ತಲಲ್ಲಿ ಕಟ್ಟಿದ್ದ ಎತ್ತು ಮೆಲುಕು ನಿಲ್ಲಿಸಿತು. "ಸರಪಳಿ ಯಾತಕ್ಕೆ ಸಾಲುತ್ತೆ? ಆ ಮೂಗು ನೋಡು, ಒಂದು ಗಳಿಗೆ ಸುಮ್ಮನಿದೆಯಾ? ಮೂಗುದಾರವೇ ಆಗಬೇಕು."

ಬತ್ತಿ ನಡುಗುತ್ತಲೇ ಹೇಳಿತು: "ಅಣ್ಣಾ, ಬೇಲಿಯ ಆಚೆ ಎಷ್ಟು ಹುಲ್ಲಿದೆ ಗೊತ್ತಾ? ನಾನು ನುಸುಳಿದ ಸಂದು ಇನ್ನೂ ಹಾಗೇ ಇದೆ, ದೂಡಿದರೆ ನಿನಗೂ ದಾರಿಯಾಗುತ್ತೆ. ನಿನ್ನ ಹಗ್ಗ ಕಡಿಯಲು ನನ್ನ ಹಲ್ಲು ಸಾಕು. ಬನ್ನಿ, ಎಲ್ಲರೂ ಹೋಗೋಣ."

ಕೋಳಿ ನಾಯಿಯ ಮುಖ ನೋಡಿತು, ನಾಯಿ ನೆಲ ನೋಡಿತು. ಎತ್ತು ಮಾತ್ರ ಹಗ್ಗ ಬಿಟ್ಟಷ್ಟು ದೂರ ನಡೆದು, ಆ ಸಂದಿಗೆ ಅಡ್ಡಲಾಗಿ ದೊಪ್ಪನೆ ಮಲಗಿತು.

"ಹೆದರಬೇಡ ಮಗಾ," ಅಂತು. "ಇನ್ನು ನೀನು ಕಳೆದುಹೋಗುವುದಿಲ್ಲ."