ಪಾತ್ರೆ ವ್ಯಾಪಾರಿಯ ಸ್ಪೀಕರು

“ಗುರುಗಳೇ, ಯಾವ ಗ್ರಂಥದಿಂದ ಶುರುಮಾಡಿದರೆ ನಾನು ಕಲಿತವನೆಂದು ಊರಿನವರಿಗೆ ಗೊತ್ತಾದೀತು?” ಎಂದು ಅಡವೆಯ್ಯ ಕೇಳಿದ.

ಮಠದಲ್ಲಿ ಓದು ಮುಗಿಸಿದ್ದ ಅವನು ಬರುವ ಸೋಮವಾರ ತನ್ನ ಊರಿನಲ್ಲಿ ಮೊದಲ ಪ್ರವಚನ ಮಾಡಬೇಕಿತ್ತು. ಅವನ ಅವ್ವ ಓದು ಬರಹ ಅರಿಯದವಳು. ಮಗ ಮಾತಾಡುತ್ತಾನೆಂದು ಮನೆಮನೆಗೂ ಹೋಗಿ ಹೇಳಿಬಂದಿದ್ದಳು. ಅಡವೆಯ್ಯನ ತಲೆಯಲ್ಲಾದರೋ ಶ್ಲೋಕಗಳು ಒಂದನ್ನೊಂದು ನೂಕಾಡುತ್ತಿದ್ದವು. ಊರಿನ ಮುಂದೆ ಸಣ್ಣವನಾಗಿಬಿಟ್ಟರೆ ಎಂಬ ಹೆದರಿಕೆ ಅವನಿಗೆ.

ಗುರುಗಳು ನಕ್ಕು, ಕೂರಲು ಹೇಳಿ, ಕತೆಗೆ ತೊಡಗಿದರು.

ಒಬ್ಬ ಪಾತ್ರೆ ವ್ಯಾಪಾರಿ ಇದ್ದ. ಅವನ ಅಪ್ಪ ಒಂದು ಕಾಲದಲ್ಲಿ ಭಜನೆಗೆ ಹಾಡುತ್ತಿದ್ದವನು. ಈಗ ದನಿ ಹೋಗಿತ್ತು, ಕಿವಿಯೂ ಮಂದವಾಗಿತ್ತು. ಆಗಿನ ಹಾಡು ಒಂದು ಕ್ಯಾಸೆಟ್ಟಿನಲ್ಲಿ ಮಾತ್ರ ಉಳಿದಿತ್ತು. ಮನೆಯ ಹಳೆಯ ಟೇಪ್ ರೆಕಾರ್ಡರಿನಲ್ಲಿ ಹಾಕಿದರೆ ಮುದುಕನಿಗೆ ಕೇಳಿಸುತ್ತಿರಲಿಲ್ಲ. ತಾನು ಹಾಡುತ್ತಿದ್ದುದೇ ಸುಳ್ಳು ಎನ್ನುತ್ತಿದ್ದ. ಅಪ್ಪ ಕಣ್ಣು ಮುಚ್ಚುವ ಮೊದಲು ಅಪ್ಪನ ದನಿ ಅಪ್ಪನಿಗೆ ಕೇಳಿಸಲೇಬೇಕು ಎಂದುಕೊಂಡು ಮಗ ಕೈಲಿದ್ದಷ್ಟು ಹಣ ತೆಗೆದುಕೊಂಡು ಪೇಟೆಗೆ ಹೋದ.

ಪಾತ್ರೆ ವ್ಯಾಪಾರಿಗಳು ವಸ್ತುವನ್ನು ಎತ್ತಿ ತೂಕ ನೋಡುತ್ತಾರೆ, ಬೆರಳ ಗೆಣ್ಣಿನಿಂದ ತಟ್ಟಿ ದನಿ ನೋಡುತ್ತಾರೆ. ಇವನು ಸ್ಪೀಕರುಗಳನ್ನೂ ಹಾಗೆಯೇ ಎತ್ತಿದ, ತಟ್ಟಿದ. ಅಂಗಡಿಯಲ್ಲೇ ದೊಡ್ಡದಾದ, ಭಾರವಾದ ಜೋಡಿ ಅವನ ಮನಸ್ಸಿಗೆ ಬಂತು. ಹಣದ ಬಹುಪಾಲು ಅಲ್ಲೇ ಕರಗಿತು. ಸ್ಪೀಕರಿಗೆ ಬಲ ಕೊಡುವುದು ಆಂಪ್ಲಿಫೈಯರ್. ಆದರೆ ಅದು ತಟ್ಟಿದರೆ ದನಿ ಕೊಡುವ ವಸ್ತುವಲ್ಲವಲ್ಲ! ಉಳಿದ ಚಿಲ್ಲರೆಗೆ ಯಾವುದು ಬಂತೋ ಅದನ್ನು ಕೊಂಡ. ಇದು ಆ ಸ್ಪೀಕರುಗಳನ್ನು ಎಳೆಯಲಾರದು ಎಂದು ಅಂಗಡಿಯವನು ಹೇಳಿ ನೋಡಿದ. ಕೇಳುವವರಾರು? ವ್ಯಾಪಾರಿ ಎಲ್ಲವನ್ನೂ ಗಾಡಿಗೆ ಹೇರಿಸಿಬಿಟ್ಟ.

ಪಡಸಾಲೆಯಲ್ಲಿ ಸ್ಪೀಕರುಗಳು ದ್ವಾರಪಾಲಕರ ಹಾಗೆ ನಿಂತವು. ನೆರೆಯವರೆಲ್ಲ ಬಂದು ಹೊಗಳಿದರು. ಅಪ್ಪನನ್ನು ಎದುರಿಗೆ ಕೂರಿಸಿ, ಹಳೆಯ ಟೇಪ್ ರೆಕಾರ್ಡರನ್ನು ಅವಕ್ಕೆ ಜೋಡಿಸಿ ಕ್ಯಾಸೆಟ್ ಹಾಕಿದ. ದನಿ ಸೊರಗಿಕೊಂಡು ಬಂತು. ಗುಂಡಿ ತಿರುಗಿಸಿದ, ಇನ್ನೂ ತಿರುಗಿಸಿದ, ಕೊನೆಮುಟ್ಟಿಸಿದ. ಬಲ ಸಾಲದ ಆಂಪ್ಲಿಫೈಯರ್ ಒದ್ದಾಡಿತು. ಹಾಡು ಹರಿದುಹೋಯಿತು.

‘ಯಾರಪ್ಪಾ ಇವನು? ಯಾಕೆ ಹಿಂಗೆ ಕಿರುಚ್ತಾನೆ?’ ಎಂದ ಅಪ್ಪ.

ಅಷ್ಟರಲ್ಲಿ ಸ್ಪೀಕರುಗಳ ಒಳಗೆ ಏನೋ ಸುಟ್ಟು, ಇದ್ದ ದನಿಯೂ ಅಡಗಿತು. ನೆರೆಯವರು ಚಹಾ ಕುಡಿದು ಎದ್ದುಹೋದರು. ವ್ಯಾಪಾರಿಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು.

ಮರುದಿನ ಅವನ ಅಂಗಡಿಗೆ ಒಬ್ಬಳು ಬಂದು, ಎಲ್ಲಕ್ಕಿಂತ ದೊಡ್ಡ ಹಂಡೆ ಕೊಡಿ ಎಂದಳು. ‘ನಿಮ್ಮ ಒಲೆ ಎಷ್ಟು ದೊಡ್ಡದಮ್ಮ? ಮನೇಲಿ ಎಷ್ಟು ಜನ?’ ಎಂದು ಅವನು ರೂಢಿಯಂತೆ ಕೇಳಿದ. ಕೇಳಿದವನೇ ಹಣೆ ಚಚ್ಚಿಕೊಂಡ. ಒಲೆ ಕೇಳದೆ ಯಾರಿಗೂ ಹಂಡೆ ಕೊಟ್ಟವನಲ್ಲ ಅವನು. ತನ್ನ ಸರದಿ ಬಂದಾಗ ಮಾತ್ರ ಕೇಳಿಕೊಂಡಿರಲಿಲ್ಲ.

ಅವತ್ತೇ ಅಂಗಡಿಗೆ ಬೀಗ ಹಾಕಿದ. ಅಪ್ಪನನ್ನು, ಕ್ಯಾಸೆಟ್ಟನ್ನು, ಕೊಂಡ ಸಾಮಾನನ್ನು ಒಂದೇ ಗಾಡಿಗೆ ಏರಿಸಿಕೊಂಡು ಪೇಟೆಗೆ ನಡೆದ. ಸುಟ್ಟ ಜೋಡಿಗೆ ಸಿಕ್ಕ ಬೆಲೆ ಕಡಿಮೆ. ಚೌಕಾಸಿ ಮಾಡಲು ಅವನಿಗೆ ಮುಖವೂ ಇರಲಿಲ್ಲ. ಅಪ್ಪ ಕೂರುವ ಕೋಣೆ ಎಷ್ಟಗಲ, ತನ್ನ ಕೈಲಿರುವುದು ಎಷ್ಟು ಎಂದು ಮೊದಲೇ ಹೇಳಿದ. ಅಷ್ಟರೊಳಗೆ ಒಂದಕ್ಕೊಂದು ಹೊಂದುವುದನ್ನು ತೋರಿಸಲು ಕೇಳಿದ. ಈ ಸಲ ಏನನ್ನೂ ಎತ್ತಲಿಲ್ಲ, ತಟ್ಟಲಿಲ್ಲ. ಅಪ್ಪನನ್ನು ಕುರ್ಚಿಯಲ್ಲಿ ಕೂರಿಸಿ, ಸ್ಪೀಕರುಗಳಿಗೆ ಬೆನ್ನು ಮಾಡಿ, ಅಪ್ಪನ ಮುಖವನ್ನೇ ನೋಡುತ್ತ ನಿಂತ.

ಒಂದು ಜೋಡಿ ಬಂತು, ಹೋಯಿತು. ಇನ್ನೊಂದಕ್ಕೂ ಮುದುಕ ಸುಮ್ಮನೆ ಕೂತಿದ್ದ. ಆಮೇಲೆ ಅಂಗಡಿಯವನು ಮೂಲೆಯಲ್ಲಿದ್ದ ಸಣ್ಣ ಜೋಡಿಯನ್ನು ತೆಗೆದು, ತಕ್ಕ ಆಂಪ್ಲಿಫೈಯರಿಗೆ ಜೋಡಿಸಿದ. ಗುಂಡಿ ಅರ್ಧಕ್ಕೂ ಹೋಗಿರಲಿಲ್ಲ, ಮುದುಕನ ಕೈ ತೊಡೆಯ ಮೇಲೆ ತಾಳ ಹಾಕತೊಡಗಿತು.

‘ಇಲ್ಲಿ ಸ್ವಲ್ಪ ಅವಸರ ಮಾಡಿಬಿಟ್ಟೆ, ನೋಡು’ ಎಂದ ಅಪ್ಪ.

ವ್ಯಾಪಾರಿ ನಾಲ್ಕು ಜನರ ಎದುರಿಗೇ ಅತ್ತುಬಿಟ್ಟ. ಅದನ್ನೇ ಕಟ್ಟಿಸಿಕೊಂಡು ಮನೆಗೆ ಬಂದ.

ಗುರುಗಳು ಕತೆ ಮುಗಿಸಿದರು. ಅಡವೆಯ್ಯ ತಲೆದೂಗಿ, “ಅರ್ಥವಾಯಿತು ಗುರುಗಳೇ. ಗ್ರಂಥ ಸಣ್ಣದೇ ಇರಲಿ. ಯಾವುದು ಎಂದು ಹೇಳಿಬಿಡಿ” ಎಂದ.

“ಸೋಮವಾರ ನಿನ್ನ ಅವ್ವ ಎಲ್ಲಿ ಕೂರುತ್ತಾಳೆ, ಅದನ್ನು ಮೊದಲು ಹೇಳು” ಎಂದರು ಗುರುಗಳು.

ಅಡವೆಯ್ಯ ಗ್ರಂಥದ ಮಾತು ಬಿಟ್ಟು, ಅವ್ವನಿಗೆ ತಿಳಿಯುವ ಮಾತು ಯಾವುದೆಂದು ಹುಡುಕತೊಡಗಿದ.