ಸೌತೆಯ ಕುಡಿ ಎರಡೂ ಕಡೆಗೆ ಸುತ್ತಿಕೊಂಡಿದ್ದು

ಆಗ ಲೋಕ ಇನ್ನೂ ಹೊಸದು. ಮಣ್ಣು ಹಸಿಹಸಿಯಾಗಿತ್ತು. ಯಾವ ಕಡೆ ಹರಿಯಬೇಕೆಂದು ಹಳ್ಳಕ್ಕೇ ಸರಿಯಾಗಿ ಗೊತ್ತಿರಲಿಲ್ಲ. ಗಟ್ಟಿ ಮನಸ್ಸು ಮಾಡಿ ಬೇಕು ಅಂದರೆ ಯಾರಿಗೆ ಬೇಕಾದರೂ ಕೊಂಬೋ ಬಾಲವೋ ಮೊಳೆತುಬಿಡುತ್ತಿದ್ದ ಕಾಲ ಅದು.

ಆ ಹಳ್ಳದ ಪಕ್ಕದಲ್ಲಿ ಚೆನ್ನಾಜಮ್ಮ ಎಂಬ ಅಜ್ಜಿ, ಮುದ್ದಯ್ಯ ಎಂಬ ಅಜ್ಜ ಇದ್ದರು. ಅವರ ಹಿತ್ತಲಲ್ಲಿ ಒಂದು ಸೌತೆಬಳ್ಳಿ ಇತ್ತು.

ಆ ಬಳ್ಳಿಗೆ ಹತ್ತಲು ಬರುತ್ತಿರಲಿಲ್ಲ. ಹರಡಲು ಮಾತ್ರ ಬರುತ್ತಿತ್ತು. ಹರಡಿತು, ಹರಡಿತು, ಹಿತ್ತಲು ದಾಟಿ ಹರಡಿತು. ಕೋಳಿ ಮೊಟ್ಟೆ ಇಡುವ ಜಾಗದಲ್ಲಿ ಎಲೆ ಬಿಟ್ಟಿತು. ಕಪ್ಪೆಯ ಬಿಲದ ಬಾಯಿಗೆ ಅಡ್ಡ ಮಲಗಿತು. ಆಮೆಯ ಕಾಲಿಗೆ ತೊಡರಿ ಅದನ್ನು ಅಂಗಾತ ಕೆಡವಿತು.

"ಚೆನ್ನಾಜಮ್ಮಾ, ನಮ್ಮ ಮನೆಗೆ ನಾವೇ ಹೋಗೋ ಹಾಗಿಲ್ವಾ?" ಅಂತು ಕಪ್ಪೆ.

"ನನ್ನನ್ನು ಯಾರಾದರೂ ಮೊದಲು ಮಗುಚಿ ಹಾಕ್ತೀರಾ?" ಅಂತು ಆಮೆ.

ಇಷ್ಟಾದರೂ ಕಾಯಿ ತಿನ್ನಲು ಸಿಗುತ್ತಿತ್ತೇ? ಅದೂ ಇಲ್ಲ. ಕಾಯಿಗಳೆಲ್ಲ ಕೆಸರಲ್ಲಿ ಮಲಗಿ ಹೊಟ್ಟೆಯ ಕಡೆಯಿಂದ ಕೊಳೆಯುತ್ತಿದ್ದವು.

ಕೊನೆಗೆ ಎಲ್ಲರೂ ಸೇರಿ ಹೇಳಿದರು: "ಗಾಳಿಗಾಲ ಬರಲಿ. ಗಾಳಿಯಣ್ಣನ ಕೈಯಲ್ಲೇ ಇದನ್ನು ಬೇರುಸಮೇತ ಕೀಳಿಸಿ ಹಳ್ಳಕ್ಕೆ ಹಾಕಿಸ್ತೀವಿ."

ಚೆನ್ನಾಜಮ್ಮ ಬಳ್ಳಿಗೆ ಅಡ್ಡ ಬಂದು ನಿಂತಳು. ಬಳ್ಳಿಯ ಮೇಲೆ ಸಿಟ್ಟು ಎಷ್ಟಿದ್ದರೂ ಅದನ್ನು ಬೀಜದಿಂದ ಬೆಳೆಸಿದ್ದು ಅವಳೇ ಅಲ್ಲವೇ?

"ಕೀಳಬೇಡಿ. ನೆಲ ಬಿಟ್ಟು ಮೇಲೆ ಹತ್ತೋದನ್ನ ಕಲಿಸ್ತೀನಿ" ಅಂದಳು.

ಅಜ್ಜ ಬಿದಿರು ಕಡಿದು ತಂದ. ಅಜ್ಜಿ ಬಾಳೆಯ ನಾರು ಸೀಳಿದಳು. ಇಬ್ಬರೂ ಸೇರಿ ಗಳ ನೆಟ್ಟು, ಅಡ್ಡ ಕಡ್ಡಿ ಕಟ್ಟಿ, ಹಂದರ ನಿಲ್ಲಿಸಿದರು. ಸೇರಿ ಅಂದೆನಲ್ಲ, ಜಗಳವಾಡುತ್ತಲೇ ಸೇರಿ.

"ಓರೆಯಾಗಿ ನೆಟ್ಟಿದ್ದೀರಿ."

"ಓರೆ ಇರೋದು ನಿನ್ನ ಕಣ್ಣು."

ಹಂದರ ನಿಂತಿತು. ಅಜ್ಜಿ ಬಳ್ಳಿಯನ್ನು ಎತ್ತಿ ಕಡ್ಡಿಯ ಮೇಲೆ ಇಟ್ಟಳು. ಅದು ಜಾರಿ ದೊಪ್ಪೆಂದು ಬಿತ್ತು. ಎತ್ತಿ ಇಟ್ಟಳು, ಬಿತ್ತು. ನಾರಿನಿಂದ ಕಟ್ಟಿದಳು, ಬಿಗಿದ ಕಡೆ ದಂಟೇ ಮುರಿಯಿತು.

"ಹತ್ತೇ ಅಂದ್ರೆ ಹತ್ತಬಾರದಾ?" ಎಂದು ಅಜ್ಜಿ ರೇಗಿದಳು.

ಬಳ್ಳಿಗೂ ರೇಗಿತು. "ಎಲ್ಲರೂ ಹತ್ತು ಹತ್ತು ಅಂತೀರಿ. ಕೈ ಎಲ್ಲಿದೆ ಅಜ್ಜಿ ನನಗೆ? ಗಾಳಿಗೆ ನನ್ನನ್ನು ಕೊಟ್ಟುಬಿಡಿ, ನಿಮಗೂ ನೆಮ್ಮದಿ!" ಎಂದು ಅಳತೊಡಗಿತು.

"ಅಳಬೇಡ. ಕೈ ಇಲ್ಲದಿದ್ರೆ ಬೇಕು ಅನ್ನು!" ಅಂದಳು ಅಜ್ಜಿ.

ಬಳ್ಳಿ ಕಣ್ಣೀರು ನುಂಗಿ, ಇದ್ದಬದ್ದ ಶಕ್ತಿಯನ್ನೆಲ್ಲ ಕೂಡಿಸಿ ಬೇಕು ಅಂತು. ಒಂದೊಂದು ಎಲೆಯ ಬುಡದಲ್ಲೂ ಒಂದೊಂದು ಎಳೆಯ ಕುಡಿ ಹೊರಟಿತು. ದಾರದಷ್ಟು ತೆಳು, ದಾರದಷ್ಟೇ ನೆಟ್ಟಗೆ. ಒಂದು ಕುಡಿಯ ತುದಿ ತಡವರಿಸುತ್ತಾ ಹೋಗಿ ಕಡ್ಡಿಯನ್ನು ಹಿಡಿದುಕೊಂಡಿತು.

"ಹಿಡಿದೆ!" ಎಂದು ಬಳ್ಳಿ ಕೂಗಿತು. ಅಷ್ಟರಲ್ಲಿ ಒಂದು ಗುಬ್ಬಿ ಬಂದು ಹಂದರದ ಮೇಲೆ ಕೂತಿತು. ಅಷ್ಟು ಅಲುಗಿದ್ದಕ್ಕೇ ಕುಡಿ ಪಟ್ಟನೆ ಹರಿಯಿತು.

"ನೆಟ್ಟಗಿದ್ರೆ ಹರಿಯದೆ ಇನ್ನೇನು? ಹಗ್ಗದ ಹಾಗೆ ಸುತ್ತಿಕೋ. ಬಲಕ್ಕೆ ಸುತ್ತು" ಅಂದಳು ಅಜ್ಜಿ.

"ಎಡಕ್ಕೆ. ಹಗ್ಗ ಹೊಸೆಯೋನು ನಾನು. ಎಡಕ್ಕೆ ಸುತ್ತು" ಅಂದ ಅಜ್ಜ.

ಬಳ್ಳಿ ಬಲಕ್ಕೆ ಸುತ್ತಿತು. ಅಜ್ಜ ತಲೆ ಚಚ್ಚಿಕೊಂಡ. ಬಿಚ್ಚಿ ಎಡಕ್ಕೆ ಸುತ್ತಿತು. ಅಜ್ಜಿ ಸೆರಗು ಕೊಡವಿ ಎದ್ದಳು. ಬಲಕ್ಕೆ. ಎಡಕ್ಕೆ. ಬಲಕ್ಕೆ. ಎಡಕ್ಕೆ. ಬಳ್ಳಿಗೆ ತಲೆ ತಿರುಗಿತು.

ಆಗಲೇ ಗುಡ್ಡದ ಆಚೆಯಿಂದ ಹೋ ಎಂಬ ಸದ್ದು ಬಂತು. "ಎಲ್ಲಿ ಆ ಸೌತೆ? ಬಂದೆ, ಕೀಳೋಕೆ ಬಂದೆ!" ಗಾಳಿ ಧೂಳೆಬ್ಬಿಸುತ್ತಾ ಇಳಿಯುತ್ತಿತ್ತು.

"ಬಲಕ್ಕೆ! ಬೇಗ!"

"ಎಡಕ್ಕೇ! ಅವಳ ಮಾತು ಕೇಳಬೇಡ!"

"ಸಾಕು! ಇಬ್ಬರೂ ಬಾಯಿ ಮುಚ್ಚಿ!" ಎಂದು ಬಳ್ಳಿ ಕಿರುಚಿತು.

ಅಜ್ಜ ಅಜ್ಜಿ ಇಬ್ಬರೂ ಗಪ್‌ಚಿಪ್. ಹುಟ್ಟಿದಾಗಿನಿಂದ ಅವರಿಗೆ ಯಾರೂ ಹಾಗೆ ಹೇಳಿರಲಿಲ್ಲ.

ಬಳ್ಳಿ ಕುಡಿಗಳನ್ನೆಲ್ಲ ಚಾಚಿ ಕಡ್ಡಿಗಳನ್ನು ಹಿಡಿಯಿತು. ಒಂದೊಂದು ಕುಡಿಯಲ್ಲೂ ಅರ್ಧವನ್ನು ಬಲಕ್ಕೆ ಸುತ್ತಿತು. ನಡುವೆ ಒಂದು ಉಸಿರು ಬಿಟ್ಟಿತು. ಉಳಿದ ಅರ್ಧವನ್ನು ಎಡಕ್ಕೆ ಸುತ್ತಿತು.

ಗಾಳಿ ಬಂದೇಬಿಟ್ಟಿತು. ಬಳ್ಳಿಯನ್ನು ಹಿಡಿದು ಎಳೆಯಿತು. ಸುರುಳಿಗಳು ಉದ್ದಕ್ಕೆ ಎಳೆದುಕೊಂಡವು, ಹರಿಯಲಿಲ್ಲ. ಬಿಟ್ಟಿತು. ಸುರುಳಿಗಳು ಸುಯ್ಯೆಂದು ಮೊದಲಿನ ಹಾಗೇ ಆದವು. ಎಳೆಯಿತು, ಬಿಟ್ಟಿತು. ಎಳೆಯಿತು, ಬಿಟ್ಟಿತು. ಬಿದಿರು ಕಿರ್ರೆಂದಿತು. ಅಜ್ಜಿ ಕಣ್ಣು ಮುಚ್ಚಿಕೊಂಡು ಅಜ್ಜನ ತೋಳು ಹಿಡಿದುಕೊಂಡಳು.

"ಏನಿದು ಪೀಡೆ? ಎಳೆದ್ರೆ ಬರುತ್ತೆ, ಬಿಟ್ರೆ ವಾಪಸ್ ಹೋಗುತ್ತೆ! ನನಗೆ ಬೇರೆ ಕೆಲಸ ಇಲ್ವಾ?" ಎಂದು ಗೊಣಗುತ್ತಾ ಗಾಳಿ ಹಳ್ಳ ದಾಟಿ ಹೊರಟುಹೋಯಿತು.

ಅಜ್ಜಿ ಕಣ್ಣು ಬಿಟ್ಟಳು. ಬಳ್ಳಿ ಹಂದರದ ಮೇಲೇ ಇತ್ತು, ಸುಸ್ತಾಗಿ ತೂಗಾಡುತ್ತಿತ್ತು. ಅಜ್ಜಿ ಅದರ ಬುಡಕ್ಕೆ ಒಂದು ತಂಬಿಗೆ ನೀರು ಹೊಯ್ದಳು.

ಕೆಲವು ದಿನ ಕಳೆದ ಮೇಲೆ ಎಲೆಗಳ ಕೆಳಗೆ ಸೌತೆಕಾಯಿಗಳು ಕೆಸರು ಸೋಕದೆ, ನೆಟ್ಟಗೆ, ಹಸಿರಾಗಿ ಇಳಿಬಿದ್ದವು. ಅಜ್ಜಿ ಒಂದನ್ನು ಕಿತ್ತು, ಉಪ್ಪು ಸವರಿ, ಮುರಿದು ಅರ್ಧವನ್ನು ಅಜ್ಜನಿಗೆ ಕೊಟ್ಟಳು.

"ನೋಡಿದ್ಯಾ? ಎಡಕ್ಕೆ ಸುತ್ತಿದ್ದಕ್ಕೇ ಉಳಿದಿದ್ದು" ಅಂದ ಅಜ್ಜ, ಬಾಯ್ತುಂಬ ಕಾಯಿ ಅಗಿಯುತ್ತಾ.

ಬಳ್ಳಿ ಎಲೆಗಳಿಂದ ಕಿವಿ ಮುಚ್ಚಿಕೊಂಡಿತು.

ಹಿತ್ತಲಿಗೆ ಹೋಗಿ ಹಂದರ ಹಿಡಿದಿರುವ ಸೌತೆಯ ಕುಡಿಯನ್ನು ಹತ್ತಿರದಿಂದ ನೋಡು ಮಗಾ, ಅರ್ಧ ಒಂದು ಕಡೆಗೆ, ಅರ್ಧ ಇನ್ನೊಂದು ಕಡೆಗೆ ಸುತ್ತಿಕೊಂಡಿರುತ್ತದೆ, ಉಸಿರು ಬಿಟ್ಟ ನಡುವಿನ ಒಂದು ಚೂರು ಮಾತ್ರ ಇಂದಿಗೂ ನೆಟ್ಟಗಿರುತ್ತದೆ.